ಸೂತ್ರವಿಲ್ಲದ ಗಾಳಿಪಟ

ಮಾದರಿ ವಿಮಾನ ಹಾರಿಸುವವರ ಲೋಕದಲ್ಲಿ ಒಂದು ಮಾತು ಎಲ್ಲ ಊರಲ್ಲೂ ಒಂದೇ. ವಿಮಾನ ನೆಲಕ್ಕೆ ಬಡಿದು ಬಾಲ್ಸಾ ಮರದ ಚೂರುಗಳಾದ ಮರುಕ್ಷಣ, ಹಾರಿಸುತ್ತಿದ್ದವರ ಬಾಯಿಂದ ಮೊದಲು ಬರುವುದು "ಸಿಗ್ನಲ್ ಹೋಯ್ತು" ಎಂಬ ಮಾತು. ಪುಣೆಯ ಹೊರವಲಯದ ಬಯಲಿನಲ್ಲಿ ಇದನ್ನು ಮರಾಠಿ, ಹಿಂದಿ, ತೆಲುಗು, ಕನ್ನಡ ನಾಲ್ಕರಲ್ಲೂ ಕೇಳಿದ್ದೇನೆ. ಗಾಳಿಯ ಅಂದಾಜು ತಪ್ಪಿತು ಅನ್ನುವವರು ಕಡಿಮೆ, ಬ್ಯಾಟರಿ ಚಾರ್ಜ್ ಆಗಿರಲಿಲ್ಲ ಅನ್ನುವವರು ಇನ್ನೂ ಕಡಿಮೆ. ರೇಡಿಯೋ ತರಂಗ ಕಣ್ಣಿಗೆ ಕಾಣುವುದಿಲ್ಲ, ಎದುರು ಮಾತಾಡುವುದಿಲ್ಲ. ತಪ್ಪು ಹೊರಿಸಲು ಅದಕ್ಕಿಂತ ಒಳ್ಳೆಯ ಆಸಾಮಿ ಸಿಗುವುದಿಲ್ಲ.

ಆದರೆ ಈ ಮಾತು ಅಕ್ಷರಶಃ ನಿಜವಾಗಿದ್ದ ಕಾಲವೂ ಇತ್ತು. ಯಾವ ಕಾಲದಲ್ಲಿ ಎಷ್ಟು ನಿಜ, ಆಮೇಲೆ ಅದು ಹೇಗೆ ಬರೀ ನೆಪವಾಯಿತು ಎಂದು ಹುಡುಕುತ್ತ ಹೋದರೆ ತೊಂಬತ್ತು ವರ್ಷಗಳ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಅದನ್ನು ನಾನು ಹುಡುಕಿದ್ದಕ್ಕೆ ಕಾರಣ ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ತಂಡ ಒಂದು ವಿಮಾನ ಕಟ್ಟುತ್ತಿದೆ. "ಮಾಮ, ಯಾವ ರೇಡಿಯೋ ತಗೊಳ್ಳೂಣು? ಒಂದರದ್ದು ಎರಡು ಕಿಲೋಮೀಟರ್ ರೇಂಜ್ ಅದ, ಇನ್ನೊಂದರದ್ದು ಮೂವತ್ತು ಅಂತಾರ" ಎಂದು ಕೇಳಿದ. ರೇಂಜ್ ನೋಡಿ ರೇಡಿಯೋ ಆರಿಸುವುದು ಮೈಲೇಜ್ ನೋಡಿ ಬಸ್ಸು ಹತ್ತಿದ ಹಾಗೆ ಎಂದೆ. ಅವನಿಗೆ ಅದು ಸಮಾಧಾನ ಕೊಡಲಿಲ್ಲ, ಕೊಡಬೇಕಾಗಿಯೂ ಇಲ್ಲ.

ಇದು ಮಕ್ಕಳಾಟದ ವಿಷಯ ಅಂದುಕೊಂಡವರಿಗೆ ಒಂದು ಸಣ್ಣ ಲೆಕ್ಕ. ಒಂದೂವರೆ ಕೆಜಿ ತೂಕದ ಮಾದರಿ ವಿಮಾನ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 370 ಜೂಲ್. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನದು ಸುಮಾರು 120. ಅಂದರೆ ಹೆಲ್ಮೆಟ್ ಹಾಕಿಕೊಂಡ ಬ್ಯಾಟ್ಸ್‌ಮನ್ ಕೂಡ ಹೆದರುವ ಎಸೆತದ ಮೂರು ಪಟ್ಟು, ಅದೂ ಮುಂದುಗಡೆ ತಿರುಗುವ ಪ್ರೊಪೆಲ್ಲರ್ ಸಮೇತ. ಬಯಲಿನಂಚಿನಲ್ಲಿ ಯಾವಾಗಲೂ ನಾಲ್ಕು ಮಕ್ಕಳು ಬಾಯಿ ತೆರೆದುಕೊಂಡು ನಿಂತಿರುತ್ತಾರೆ, ಅವರ ತಲೆಯ ಮೇಲೆ ಹೆಲ್ಮೆಟ್ ಇರುವುದಿಲ್ಲ.

ರೇಡಿಯೋ ಮೂಲಕ ವಸ್ತುವೊಂದನ್ನು ನಡೆಸುವ ಕಥೆ ನೀರಿನಲ್ಲಿ ಶುರುವಾಗುತ್ತದೆ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಒಂದು ಪುಟ್ಟ ದೋಣಿ ತೋರಿಸಿದ, ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟ್ ಪಡೆದ. ಅದರ ಒಳಗಿದ್ದದ್ದು ಕೊಹೆರರ್, ಎಂದರೆ ಲೋಹದ ಪುಡಿ ತುಂಬಿದ ಕೊಳವೆ. ತರಂಗ ತಾಗಿದರೆ ಪುಡಿ ಒತ್ತಟ್ಟಿಗೆ ಅಂಟಿಕೊಂಡು ವಿದ್ಯುತ್ ಹರಿಯಲು ಬಿಡುತ್ತದೆ. ಮತ್ತೆ ಸಡಿಲಾಗಬೇಕಾದರೆ ಅಲ್ಲಾಡಿಸಬೇಕು. ಕೊಹೆರರ್‌ಗೆ ಯಜಮಾನನ ಆಜ್ಞೆಯೂ ಒಂದೇ, ಪಕ್ಕದಲ್ಲಿ ಹಾರಿದ ಕಿಡಿಯೂ ಒಂದೇ. ದೋಣಿಗೆ ಅಷ್ಟು ಸಾಕಿತ್ತು. ಗುರುತು ತಪ್ಪಿದರೆ ನಿಂತು ಯೋಚಿಸಬಹುದು, ದೋಣಿ ಮುಳುಗುವುದಿಲ್ಲ. ವಿಮಾನಕ್ಕೆ ಆ ಸೌಲಭ್ಯ ಇಲ್ಲ.

ವಿಮಾನದ ಮಟ್ಟಿಗೆ ಹೆಸರಿಸಬೇಕಾದವರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸೋದರರು, ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ವಾಲ್ಟರ್‌ಗೆ ವಿಮಾನದ ಹುಚ್ಚು, ವಿಲಿಯಂಗೆ ಹ್ಯಾಮ್ ರೇಡಿಯೋ ಹುಚ್ಚು. 1937ರಲ್ಲಿ ಅವರು ಹಾರಿಸಿದ ವಿಮಾನದ ಹೆಸರು 'ಗಫ್'. ರೆಕ್ಕೆಯ ತುದಿಯಿಂದ ತುದಿಗೆ ಎಂಟು ಅಡಿ. ಅದು ಮುಂದೆ ರಾಷ್ಟ್ರೀಯ ಸ್ಪರ್ಧೆಗಳನ್ನು ಗೆದ್ದು, ಕೊನೆಗೆ ಸ್ಮಿತ್ಸೋನಿಯನ್ ಸಂಗ್ರಹ ಸೇರಿತು. ಆ ಕಾಲಕ್ಕೆ ಟ್ರಾನ್ಸ್‌ಮಿಟರ್ ಅಂದರೆ ಕುತ್ತಿಗೆಗೆ ನೇತುಹಾಕಿಕೊಳ್ಳುವ ಡಬ್ಬಿ ಅಲ್ಲ, ನೆಲದ ಮೇಲಿಟ್ಟು ನಡೆಸುವ ಸ್ಟೇಷನ್. ಹಾರಿಸಬೇಕಾದರೆ ಹ್ಯಾಮ್ ಲೈಸೆನ್ಸ್ ಬೇಕು, ಅಂದರೆ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಮೊದಲ ತಲೆಮಾರಿನ ರೇಡಿಯೋ ವಿಮಾನದವರೆಲ್ಲ ರಿಪೇರಿ ಬಲ್ಲವರೇ. ಕೊಂಡು ತಂದು ಹಾರಿಸುವವರು ಇನ್ನೂ ಹುಟ್ಟಿರಲಿಲ್ಲ.

ಅವರ ಕಷ್ಟ ಏನೆಂದು ತಿಳಿಯಲು ರಿಸೀವರ್ ಒಳಗೆ ಇಣುಕಬೇಕು. 1938ರ ಸುಮಾರಿಗೆ ರೇಥಿಯಾನ್ ಕಂಪನಿ ಆರ್‌ಕೆ-61 ಎಂಬ ಪುಟ್ಟ ಅನಿಲ ತುಂಬಿದ ವಾಲ್ವ್ ಮಾರಾಟಕ್ಕೆ ತಂದಿತು, ಮುಖ್ಯವಾಗಿ ಇದೇ ಉದ್ದೇಶಕ್ಕೆ. ಒಂದೇ ವಾಲ್ವ್‌ನಲ್ಲಿ ಇಡೀ ರಿಸೀವರ್. ಸಿಗ್ನಲ್ ಇಲ್ಲದಾಗ ಸುಮಾರು ಒಂದೂವರೆ ಮಿಲಿಆಂಪಿಯರ್ ಹರಿಯುತ್ತದೆ, ಸಿಗ್ನಲ್ ಬಂದಾಗ ಅದು ಕುಸಿಯುತ್ತದೆ. ಆ ವ್ಯತ್ಯಾಸವನ್ನು ನಂಬಿ ಒಂದು ಸೂಕ್ಷ್ಮವಾದ ರಿಲೇ ಕೆಲಸ ಮಾಡಬೇಕು. ಅದರ ಸ್ಪ್ರಿಂಗನ್ನು ಕೂದಲೆಳೆಯಷ್ಟು ಬಿಗಿ ಮಾಡಿದರೆ ಒಂದು ತೊಂದರೆ, ಸಡಿಲ ಮಾಡಿದರೆ ಇನ್ನೊಂದು. ಇಂಜಿನ್ನಿನ ನಡುಕಕ್ಕೆ ರಿಲೇ ತಾನಾಗಿ ಕಟಕಟ ಅನ್ನುತ್ತದೆ. 45 ವೋಲ್ಟ್ ಬ್ಯಾಟರಿಯನ್ನು ವಿಮಾನವೇ ಹೊರಬೇಕು. ಸಾಲದ್ದಕ್ಕೆ ಆಗಿನ ಇಂಜಿನ್‌ಗಳು ಸ್ಪಾರ್ಕ್ ಪ್ಲಗ್‌ನವು. ರಿಸೀವರ್‌ನಿಂದ ಒಂದಡಿ ದೂರದಲ್ಲೇ ನಿಮಿಷಕ್ಕೆ ಸಾವಿರಾರು ಕಿಡಿ. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ ಮಾರುಕಟ್ಟೆಗೆ ತಂದದ್ದು ಇಂಜಿನ್ ಹಗುರಾಗಲಿ ಅಂತ. ಆದರೆ ಅದರಿಂದ ಕಿಡಿಯೇ ಇಲ್ಲವಾಗಿ ರೇಡಿಯೋದವರಿಗೂ ಉಪಕಾರವಾಯಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಇಂಥ ಪರೋಪಕಾರಗಳಿಗೆ ಯಾರೂ ಹಾರ ಹಾಕುವುದಿಲ್ಲ.

ಇಷ್ಟಾಗಿ ಕಳಿಸಲು ಸಾಧ್ಯವಿದ್ದದ್ದು 'ಇದೆ', 'ಇಲ್ಲ' ಎಂಬ ಎರಡೇ ಸಂಗತಿ. ಅದರಿಂದ ವಿಮಾನವನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು ಹೇಗೆ? ಉತ್ತರ ಬಂದದ್ದು ಗಡಿಯಾರದಿಂದ. ಎಸ್ಕೇಪ್‌ಮೆಂಟ್ ಎಂಬ ಸಾಧನದಲ್ಲಿ ತಿರುಚಿಟ್ಟ ರಬ್ಬರ್ ಬ್ಯಾಂಡ್ ಒಂದು ಚಕ್ರವನ್ನು ತಿರುಗಿಸಲು ಕಾಯುತ್ತಿರುತ್ತದೆ, ವಿದ್ಯುತ್‌ಕಾಂತ ಅದನ್ನು ತಡೆದಿರುತ್ತದೆ. ಒಂದು ಬಾರಿ ಗುಂಡಿ ಒತ್ತಿದರೆ ಕಾಲು ಸುತ್ತು ತಿರುಗಿ ರಡ್ಡರ್ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಕೊನೆಗೆ ತಿರುಗಿದ್ದು ಯಾವ ಕಡೆ ಎಂದು ಹಾರಿಸುವವರು ನೆನಪಿಟ್ಟುಕೊಳ್ಳಬೇಕು. ಲೆಕ್ಕ ತಪ್ಪಿದರೆ ಬಲಕ್ಕೆ ಹೋಗು ಅಂದದ್ದು ಎಡಕ್ಕೆ ಹೋಗುತ್ತದೆ, ಮತ್ತು ಅದು ಮರದ ಕಡೆಗೇ ಇರುತ್ತದೆ. ಮುಂದೆ ಒಂದು ಒತ್ತಿಗೆ ಬಲ, ಎರಡು ಒತ್ತಿಗೆ ಎಡ ಎನ್ನುವ ಸುಧಾರಿತ ಮಾದರಿಗಳು ಬಂದವು. ರಬ್ಬರ್ ಸುರುಳಿ ಮುಗಿದರೆ ಎಲ್ಲವೂ ಮುಗಿಯಿತು.

ಹಾಗಿದ್ದರೂ ಇವು ಹಾರುತ್ತಿದ್ದವು, ಇಳಿಯುತ್ತಿದ್ದವು. ಹೇಗೆಂದರೆ, ಅವರು ರೇಡಿಯೋವನ್ನು ನಂಬಿರಲೇ ಇಲ್ಲ. ವಿಮಾನದ ರಚನೆಯೇ ಹಾಗೆ: ರೆಕ್ಕೆಗಳು ಮೇಲಕ್ಕೆ ಬಾಗಿ, ತೂಕ ಕೆಳಗೆ, ಯಾರೂ ಮುಟ್ಟದಿದ್ದರೆ ತಾನಾಗಿ ನೇರವಾಗಿ ತೇಲುವಂತೆ. ಟ್ಯಾಂಕಿನಲ್ಲಿ ಕೆಲವೇ ನಿಮಿಷಕ್ಕಾಗುವಷ್ಟು ಇಂಧನ. ರೇಡಿಯೋ ಕೆಲಸ ಮಾಡಿದರೆ ಬಯಲಿನ ಕಡೆ ತಿರುಗಿಸಬಹುದು, ಮಾಡದಿದ್ದರೆ ಇಂಧನ ಮುಗಿದು ಎಲ್ಲೋ ಮೆತ್ತಗೆ ಇಳಿಯುತ್ತದೆ, ಹೋಗಿ ಹುಡುಕಿಕೊಂಡು ಬರಬೇಕು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ವ್ಯವಸ್ಥೆಯ ಅತಿ ದುರ್ಬಲ ಭಾಗ ಕೈಕೊಟ್ಟಾಗ ಏನಾಗಬೇಕೆಂದು ಮೊದಲೇ ತೀರ್ಮಾನಿಸಿ ಆಮೇಲೆ ಉಳಿದದ್ದನ್ನು ಕಟ್ಟಿದ್ದರು. ಇವತ್ತಿನ ಎಷ್ಟೋ ಪ್ರಾಜೆಕ್ಟ್ ಪ್ಲಾನ್‌ಗಳಲ್ಲಿ ಆ ಕಾಲಮ್ಮೇ ಇರುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಧಾರೆ ಸೈನ್ಯದ ಕಡೆ ಹೋಯಿತು. ಹಾಲಿವುಡ್‌ನಲ್ಲಿ ನಟನಾಗಿದ್ದ ಬ್ರಿಟಿಷ್ ಮೂಲದ ರೆಜಿನಾಲ್ಡ್ ಡೆನ್ನಿ ಮಾದರಿ ವಿಮಾನಗಳ ಅಂಗಡಿ ಇಟ್ಟಿದ್ದವನು. ಅವನ ರೇಡಿಯೋಪ್ಲೇನ್ ಕಂಪನಿ ಎರಡನೇ ಮಹಾಯುದ್ಧದಲ್ಲಿ ವಿಮಾನ ನಿರೋಧಕ ಫಿರಂಗಿದಳದ ಗುರಿ ಅಭ್ಯಾಸಕ್ಕೆಂದು ಸಾವಿರಾರು ಪೈಲಟ್ ರಹಿತ ವಿಮಾನ ಮಾಡಿಕೊಟ್ಟಿತು. 1945ರಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನಾರ್ಮಾ ಜೀನ್ ಎಂಬ ಯುವತಿಯ ಫೋಟೋವನ್ನು ಸೈನ್ಯದ ಛಾಯಾಗ್ರಾಹಕ ಡೇವಿಡ್ ಕಾನೊವರ್ ತೆಗೆದ. ಆಕೆ ಮುಂದೆ ಮರ್ಲಿನ್ ಮನ್ರೋ ಆದಳು. ಅದು ಬೇರೆ ಕಥೆ. ನಮಗೆ ಹತ್ತಿರದ್ದು ಎಂದರೆ ಬೆಂಗಳೂರಿನ ಎಡಿಇ, ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ 'ಲಕ್ಷ್ಯ'. ಅದೂ ಇದೇ ವಂಶದ್ದು: ಹೊಡೆಸಿಕೊಳ್ಳಲೆಂದೇ ಹಾರುವ, ಉಳಿದರೆ ಪ್ಯಾರಾಚೂಟಿನಲ್ಲಿ ಇಳಿಯುವ ವಿಮಾನ.

ಹವ್ಯಾಸಿಗಳ ಕಡೆಗೆ ಮರಳೋಣ. 1950ರ ದಶಕದಲ್ಲಿ ಬಂದದ್ದು ರೀಡ್ ರಿಸೀವರ್. ಮೋರ್ಸಿಂಗ್ ಅಥವಾ ಹಾರ್ಮೋನಿಯಂ ಒಳಗಿನ ತಗಡಿನ ನಾಲಿಗೆ ನೆನಪಿಸಿಕೊಳ್ಳಿ. ಬೇರೆ ಬೇರೆ ಉದ್ದದ ಹತ್ತು ಉಕ್ಕಿನ ನಾಲಿಗೆಗಳ ಒಂದು ಬಾಚಣಿಗೆ, ಪಕ್ಕದಲ್ಲಿ ಒಂದು ವಿದ್ಯುತ್‌ಕಾಂತ. ಟ್ರಾನ್ಸ್‌ಮಿಟರ್ ಒಂದು ಸ್ವರ ಕಳಿಸುತ್ತದೆ. ಯಾವ ನಾಲಿಗೆಯ ಶ್ರುತಿ ಆ ಸ್ವರಕ್ಕೆ ಕೂಡುತ್ತದೋ ಅದು ಮಾತ್ರ ಮಿಡಿದು ಸಂಪರ್ಕ ಸೇರಿಸುತ್ತದೆ. ಹತ್ತು ಸ್ವರಕ್ಕೆ ಹತ್ತು ಆಜ್ಞೆ: ಎಡ, ಬಲ, ಮೇಲೆ, ಕೆಳಗೆ ಇತ್ಯಾದಿ. ಶ್ರುತಿ ಜಾರಿದರೆ ಆಜ್ಞೆ ತಪ್ಪುತ್ತದೆ, ಧೂಳು ಕೂತರೆ ಸಂಪರ್ಕ ತಪ್ಪುತ್ತದೆ. ಆದರೂ ನುರಿತವರ ಕೈಯಲ್ಲಿ ಇದು ಅದ್ಭುತ ಕೆಲಸ ಮಾಡಿತು. 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಗೆದ್ದ ಎಡ್ ಕಜ್ಮಿರ್ಸ್ಕಿಯ ಓರಿಯನ್ ವಿಮಾನ ರೀಡ್ ಯುಗದ್ದು. ರಡ್ಡರ್ ಪೂರ್ತಿ ತಿರುಗುತ್ತದೆ ಅಥವಾ ತಿರುಗುವುದೇ ಇಲ್ಲ. ಅರ್ಧ ಬೇಕೆಂದರೆ ಸ್ವಿಚ್ಚನ್ನು ಪಟಪಟ ತಟ್ಟುತ್ತಿರಬೇಕು, ಟೈಪ್‌ರೈಟರ್ ಹೊಡೆದ ಹಾಗೆ.

ಕೋಲನ್ನು ಎಷ್ಟು ಸರಿಸಿದರೆ ರಡ್ಡರ್ ಅಷ್ಟೇ ಸರಿಯುವ 'ಪ್ರೊಪೋರ್ಷನಲ್' ಪದ್ಧತಿಗಾಗಿ ಎಲ್ಲರೂ ಹಂಬಲಿಸುತ್ತಿದ್ದರು. ಆರಂಭದ ಅನಲಾಗ್ ಸೆಟ್ಟುಗಳು ಬೆಳಿಗ್ಗೆ ಒಂದು ರೀತಿ, ಬಿಸಿಲೇರಿದ ಮೇಲೆ ಇನ್ನೊಂದು ರೀತಿ. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಮ್ಯಾಥೆಸ್ ಮತ್ತು ಡಗ್ ಸ್ಪ್ರೆಂಗ್ ಎಂಬಿಬ್ಬರು 'ಡಿಜಿಕಾನ್' ಎಂಬ ವ್ಯವಸ್ಥೆ ಮಾಡಿದರು. ಆಜ್ಞೆಯನ್ನು ಸಿಗ್ನಲಿನ ಬಲದಲ್ಲೋ ಸ್ವರದಲ್ಲೋ ಇಡದೆ ಕಾಲದಲ್ಲಿ ಇಟ್ಟರು. ಒಂದು ಮಿಲಿಸೆಕೆಂಡಿನ ಮಿಡಿತ ಎಂದರೆ ಒಂದು ತುದಿ, ಎರಡು ಮಿಲಿಸೆಕೆಂಡ್ ಎಂದರೆ ಇನ್ನೊಂದು ತುದಿ, ಒಂದೂವರೆ ಎಂದರೆ ನಡುವೆ. ಹೀಗೆ ಒಂದರ ಹಿಂದೆ ಒಂದು ಚಾನೆಲ್‌ನ ಮಿಡಿತ ಕಳಿಸಿ, ಒಂದು ಉದ್ದನೆಯ ಬಿಡುವು ಕೊಟ್ಟು, ಮತ್ತೆ ಮೊದಲಿನಿಂದ. ಪದ್ಧತಿ ಒಂದು ಹದಕ್ಕೆ ಬರುವ ಹೊತ್ತಿಗೆ ಇಡೀ ಸುತ್ತು ಸುಮಾರು 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 50 ಸಲ. ಸರ್ವೋ ತನ್ನ ಈಗಿನ ಸ್ಥಾನವನ್ನು ತಾನೇ ಅಳೆದು, ಬಂದ ಮಿಡಿತದೊಂದಿಗೆ ಹೋಲಿಸಿ, ವ್ಯತ್ಯಾಸ ಸೊನ್ನೆಯಾಗುವವರೆಗೆ ತಿರುಗುತ್ತದೆ.

ನಿಮ್ಮಲ್ಲಿ ಆರ್ಡುಯಿನೋ ಹಿಡಿದು ಸರ್ವೋ ತಿರುಗಿಸಿದವರಿದ್ದರೆ ಈ ಅಂಕಿಗಳು ಪರಿಚಿತ. ಅದೇ ಒಂದರಿಂದ ಎರಡು ಮಿಲಿಸೆಕೆಂಡ್, ಅದೇ 20. ಅರವತ್ತು ವರ್ಷಗಳ ಹಿಂದೆ ಟ್ರಾನ್ಸಿಸ್ಟರ್‌ಗಳ ಲೆಕ್ಕಾಚಾರಕ್ಕೆ ಒಗ್ಗುವಂತೆ ಆರಿಸಿದ ಸಂಖ್ಯೆಗಳು ಇವತ್ತು ಯಾವುದೋ ಇಂಜಿನಿಯರಿಂಗ್ ಕಾಲೇಜಿನ ರೋಬೋಟಿನ ಕೈಯಲ್ಲಿ ಮಿಡಿಯುತ್ತಿವೆ. ಒಳ್ಳೆಯ ಇಂಟರ್‌ಫೇಸ್ ಅಂದರೆ ಹೀಗಿರಬೇಕು. ಅದನ್ನು ಬರೆದವರ ಕಂಪನಿ ಹೋಗುತ್ತದೆ, ಅದು ಇರುತ್ತದೆ. 1967ರ ವಿಶ್ವ ಚಾಂಪಿಯನ್ ಫಿಲ್ ಕ್ರಾಫ್ಟ್ ತನ್ನ ಹೆಸರಿನ ಕಂಪನಿಯಿಂದ ಇಂಥ ಸೆಟ್ಟುಗಳನ್ನು ಮನೆಮಾತಾಗಿಸಿದ. ನಂತರ ಜಪಾನಿನ ಫುಟಾಬಾ, ಜೆಆರ್, ಸಾನ್ವಾ ಬಂದು ಅಮೆರಿಕದ ತಯಾರಕರನ್ನು ಬದಿಗೆ ಸರಿಸಿದವು.

ಇಲ್ಲಿಗೆ ಉಪಕರಣ ಸುಧಾರಿಸಿತು. ಈಗ ಸಮಸ್ಯೆ ಪಕ್ಕದಲ್ಲಿ ನಿಂತಿರುವ ಮನುಷ್ಯನದು. ಎಲ್ಲರೂ ಒಂದೇ ಆಕಾಶವನ್ನು ಹಂಚಿಕೊಳ್ಳಬೇಕು. ಅಮೆರಿಕದಲ್ಲಿ ಹವ್ಯಾಸಿಗಳಿಗೆ ಸಿಕ್ಕಿದ್ದ 27 ಮೆಗಾಹರ್ಟ್ಸ್ ಪಟ್ಟಿಯ ನಡುವೆಯೇ 1958ರಿಂದ ಸಾರ್ವಜನಿಕರ ಮಾತಿನ ರೇಡಿಯೋ ಬಂತು. ಮುಂದೆ ಲಾರಿ ಚಾಲಕರ ಹರಟೆ ಆ ಪಟ್ಟಿಯನ್ನು ತುಂಬಿತು. ಹೆದ್ದಾರಿಯಲ್ಲಿ ಯಾರೋ ಡಾಬಾ ವಿಚಾರಿಸಿದರೆ ಬಯಲಿನಲ್ಲಿ ವಿಮಾನ ತಲೆಕೆಳಗಾಗಬಹುದು. ಹೀಗಾಗಿ ಹವ್ಯಾಸಿಗಳು 72 ಮೆಗಾಹರ್ಟ್ಸ್‌ಗೆ ಹೋದರು. ಅಲ್ಲಿ ಕೊನೆಗೆ ವಿಮಾನಕ್ಕೆಂದು 20 ಕಿಲೋಹರ್ಟ್ಸ್ ಅಂತರದ 50 ಚಾನೆಲ್ ದೊರೆತವು. ಬ್ರಿಟನ್ನಿನವರಿಗೆ 35 ಮೆಗಾಹರ್ಟ್ಸ್ ಸಿಕ್ಕಿತು.

ಚಾನೆಲ್ ಐವತ್ತಿದ್ದರೇನು, ಇಬ್ಬರ ಬಳಿ ಒಂದೇ ಹರಳು ಇದ್ದರೆ ಮುಗಿಯಿತು. ಒಬ್ಬರು ಹಾರಿಸುತ್ತಿರುವಾಗ ಇನ್ನೊಬ್ಬರು ಕಾರಿನ ಡಿಕ್ಕಿಯಲ್ಲಿ ಪರೀಕ್ಷೆಗೆಂದು ಸ್ವಿಚ್ ಒತ್ತಿದರೆ ಆಕಾಶದಲ್ಲಿದ್ದದ್ದು ನೆಲಕ್ಕೆ. ಇದಕ್ಕೆ ಕಂಡುಕೊಂಡ ಪರಿಹಾರದ ಬೆಲೆ ಎಂಟಾಣೆ: ಬಟ್ಟೆ ಕ್ಲಿಪ್. ಮೈದಾನದಲ್ಲಿ ಒಂದು ಹಲಗೆ, ಅದರ ಮೇಲೆ ಪ್ರತಿ ಚಾನೆಲ್‌ಗೆ ಒಂದೇ ಕ್ಲಿಪ್. ಕ್ಲಿಪ್ ನಿಮ್ಮ ಟ್ರಾನ್ಸ್‌ಮಿಟರ್ ಮೇಲಿದ್ದರೆ ಮಾತ್ರ ಸ್ವಿಚ್ ಒತ್ತುವ ಹಕ್ಕು. ಇಳಿಸಿದ ಮೇಲೆ ಮರಳಿ ಹಲಗೆಗೆ. ಡೇಟಾಬೇಸ್ ಬಲ್ಲವರು ಇದನ್ನು ಲಾಕ್ ಅನ್ನುತ್ತಾರೆ. ಡೇಟಾಬೇಸ್‌ನಲ್ಲಿ ಆಗುವ ಎಲ್ಲ ಅವಾಂತರಗಳೂ ಇಲ್ಲಿ ಆಗುತ್ತಿದ್ದವು. ಜೇಬಿನಲ್ಲಿ ಕ್ಲಿಪ್ ಇಟ್ಟುಕೊಂಡು ಊಟಕ್ಕೆ ಮನೆಗೆ ಹೋದವರಿಂದ ಉಳಿದವರು ಮಧ್ಯಾಹ್ನವೆಲ್ಲ ಕಾಯುತ್ತಿದ್ದರು. ಒಂದು ಇಡೀ ತಲೆಮಾರಿನ ಸುರಕ್ಷತೆ ಹೀಗೆ ಅಪರಿಚಿತರ ಶಿಸ್ತಿನ ಮೇಲೆ ನಿಂತಿತ್ತು, ಬಹುಮಟ್ಟಿಗೆ ನಿಂತೇ ಇತ್ತು ಎನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

1980ರ ದಶಕದಲ್ಲಿ ಪಿಸಿಎಂ ಬಂತು. ಮಿಡಿತದ ಉದ್ದದ ಬದಲು ಅಂಕಿಗಳು, ಜೊತೆಗೆ ತಪ್ಪು ಪತ್ತೆಹಚ್ಚುವ ಲೆಕ್ಕ. ಲೆಕ್ಕ ತಾಳೆಯಾಗದಿದ್ದರೆ ರಿಸೀವರ್ ಆ ಸುತ್ತನ್ನು ಎಸೆದು ಹಿಂದಿನ ಆಜ್ಞೆಯನ್ನೇ ಹಿಡಿದಿರುತ್ತದೆ. ಬಹಳ ಹೊತ್ತು ಹಾಗೇ ಆದರೆ ಫೇಲ್‌ಸೇಫ್: ಇಂಜಿನ್ ಇಳಿಸು, ರೆಕ್ಕೆ ನೇರ ಮಾಡು ಎಂದು ಮೊದಲೇ ಹೇಳಿಟ್ಟ ಸ್ಥಿತಿಗೆ ಹೋಗುತ್ತದೆ. ಇದು ಪ್ರಗತಿಯೇ. ಆದರೆ ಹಳಬರಿಗೆ ಒಂದು ತಕರಾರಿತ್ತು, ನಾನು ಅವರ ಪರ. ಹಳೆಯ ಸೆಟ್ಟಿನಲ್ಲಿ ಸಿಗ್ನಲ್ ಕೆಡುತ್ತಿದ್ದರೆ ವಿಮಾನ ಗಾಳಿಯಲ್ಲಿ ಬೆಚ್ಚುತ್ತಿತ್ತು, ನಡುಗುತ್ತಿತ್ತು. ಅದನ್ನು ಕಂಡವರು ಇಳಿಸಿಬಿಡುತ್ತಿದ್ದರು. ಪಿಸಿಎಂನಲ್ಲಿ ಅದೇ ಕಾಯಿಲೆ ಹೊರಗೆ ಕಾಣದೆ ಬೆಳೆಯುತ್ತದೆ. ಎಲ್ಲ ಸರಿಯಿದೆ, ಸರಿಯಿದೆ, ಆಮೇಲೆ ಒಮ್ಮೆಲೇ ಇಲ್ಲ. ತಿಂಗಳಿಡೀ ಹಸಿರು ಬಣ್ಣದಲ್ಲಿದ್ದು ಬಿಡುಗಡೆಯ ಹಿಂದಿನ ದಿನ ಕೆಂಪಾಗುವ ಸ್ಟೇಟಸ್ ರಿಪೋರ್ಟ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಬಟ್ಟೆ ಕ್ಲಿಪ್ಪಿನ ಯುಗ ಮುಗಿದದ್ದು 2005ರ ನಂತರ. ಆ ವರ್ಷ ಸ್ಪೆಕ್ಟ್ರಮ್ ಎಂಬ ಬ್ರಾಂಡ್ 2.4 ಗಿಗಾಹರ್ಟ್ಸ್‌ನ ಡಿಎಕ್ಸ್6 ಸೆಟ್ಟನ್ನು ಸಣ್ಣ ವಿಮಾನಗಳಿಗೆಂದು ತಂದಿತು, ಬೇಗನೆ ದೊಡ್ಡ ವಿಮಾನಗಳಿಗೂ ಆಗುವ ಡಿಎಕ್ಸ್7 ಬಂತು. ಫುಟಾಬಾದ್ದು ಫಾಸ್ಟ್. ಒಬ್ಬೊಬ್ಬ ಟ್ರಾನ್ಸ್‌ಮಿಟರ್‌ಗೂ ಒಂದು ಗುರುತಿನ ಸಂಖ್ಯೆ. ಒಮ್ಮೆ 'ಬೈಂಡ್' ಮಾಡಿದ ರಿಸೀವರ್ ಆ ಸಂಖ್ಯೆಯ ಮಾತನ್ನು ಮಾತ್ರ ಕೇಳುತ್ತದೆ. ಸ್ಪೆಕ್ಟ್ರಮ್‌ನ ಮೊದಲ ಪದ್ಧತಿ ಖಾಲಿ ಇರುವ ಎರಡು ಚಾನೆಲ್ ಆರಿಸಿಕೊಂಡು ಅಲ್ಲೇ ಕೂರುತ್ತಿತ್ತು, ಫುಟಾಬಾದ್ದು ಒಂದು ಚಾನೆಲ್‌ನಿಂದ ಇನ್ನೊಂದಕ್ಕೆ ಸತತ ಜಿಗಿಯುತ್ತಿತ್ತು. ಜಿಗಿಯುವ ವಿಚಾರ ಬಂದಾಗಲೆಲ್ಲ ನಟಿ ಹೆಡಿ ಲಮಾರ್ ಹೆಸರು ವಾಟ್ಸಾಪಿನಲ್ಲಿ ಬರುತ್ತದೆ, 'ವೈಫೈ ಕಂಡುಹಿಡಿದ ಸುಂದರಿ' ಎಂದು. ಅದು ಉತ್ಪ್ರೇಕ್ಷೆ, ಆವರ್ತನ ಬದಲಿಸುವ ಯೋಚನೆ ಅದಕ್ಕೂ ಹಿಂದೆ ಇತ್ತು. ಆದರೆ ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಪಡೆದ ಪೇಟೆಂಟ್ ಇರುವುದು ರೇಡಿಯೋದಿಂದ ನಡೆಸುವ ಟಾರ್ಪಿಡೋ ಬಗ್ಗೆ, ಪಿಯಾನೋದ ಕೀಲಿಗಳಷ್ಟೇ, ಅಂದರೆ 88 ಆವರ್ತನ. ಟೆಸ್ಲಾನ ದೋಣಿಗೆ ಅದು ಹತ್ತಿರದ ನೆಂಟ.

ತರಂಗ ಗಿಡ್ಡವಾದದ್ದರಿಂದ ಇನ್ನೂ ಕೆಲವು ಬದಲಾವಣೆಯಾಯಿತು. 72 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ವಿಮಾನದ ಬಾಲದಿಂದ ಮೀಟರ್ ಉದ್ದದ ತಂತಿ ನೇತಾಡಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಹನ್ನೆರಡೂವರೆ ಸೆಂಟಿಮೀಟರ್, ಆಂಟೆನಾ ಕಿರುಬೆರಳಿನ ಅರ್ಧ. ಲೋಹಕ್ಕೆ ಲೋಹ ಉಜ್ಜಿ ಹುಟ್ಟುತ್ತಿದ್ದ ಗದ್ದಲ ಇದರ ಗೊಡವೆಗೆ ಬರುವುದಿಲ್ಲ. ಬದಲಿಗೆ ನೀರು ತುಂಬಿದ ಯಾವುದೂ ಅಡ್ಡಿ: ಹಸಿ ಮರ, ನಡುವೆ ಬಂದು ನಿಂತ ಮನುಷ್ಯ. ಕಾರ್ಬನ್ ಫೈಬರ್ ಮೈಯ ಒಳಗಿಟ್ಟರೆ ಕುರುಡು. ಅದಕ್ಕೇ ಒಳ್ಳೆಯ ರಿಸೀವರ್‌ಗೆ ಎರಡು ಆಂಟೆನಾ, ಒಂದಕ್ಕೊಂದು ಲಂಬವಾಗಿ.

ಇಷ್ಟೆಲ್ಲ ಆದ ಮೇಲೂ ವಿಮಾನಗಳು ಬಿದ್ದವು. ಮೊದಮೊದಲು ಎಲ್ಲರೂ 2.4ನ್ನೇ ಬೈದರು. ನಿಜವಾದ ಕಾರಣ ತಿಳಿದದ್ದು ನಿಧಾನವಾಗಿ, ಅದನ್ನು ನಾನು ಈ ಇತಿಹಾಸದ ಅತಿ ಮುಖ್ಯ ಪುಟ ಅನ್ನುತ್ತೇನೆ. ಹೊಸ ರಿಸೀವರ್ ಒಂದು ಪುಟ್ಟ ಕಂಪ್ಯೂಟರ್. ವೋಲ್ಟೇಜ್ ಸುಮಾರು ಮೂರೂವರೆಗಿಂತ ಕೆಳಗಿಳಿದರೆ ಅದು ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಜನ ಬಳಸುತ್ತಿದ್ದದ್ದು ಹಳೆಯ ನಾಲ್ಕು ಸೆಲ್ಲಿನ 4.8 ವೋಲ್ಟ್ ಬ್ಯಾಟರಿ, ಹಳೆಯ ಸಣ್ಣ ಸ್ವಿಚ್, ಹಳೆಯ ತೆಳು ವೈರು. ಆದರೆ ಸರ್ವೋಗಳು ಮಾತ್ರ ಹೊಸವು, ಬಲಶಾಲಿ, ಒತ್ತಡ ಬಿದ್ದಾಗ ಒಂದೊಂದೂ ಒಂದು ಆಂಪಿಯರ್‌ಗೂ ಹೆಚ್ಚು ಎಳೆಯುವಂಥವು. ವಿಮಾನ ಜೋರಾಗಿ ತಿರುಗುತ್ತದೆ, ನಾಲ್ಕೂ ಸರ್ವೋ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕುಸಿಯುತ್ತದೆ. ಹಳೆಯ ರಿಸೀವರ್ ಅಷ್ಟಕ್ಕೆ ಒಂದು ಸಲ ಬಿಕ್ಕಿ ಸುಮ್ಮನಾಗುತ್ತಿತ್ತು. ಹೊಸದು ರೀಬೂಟ್ ಆಗಿ ತನ್ನ ಟ್ರಾನ್ಸ್‌ಮಿಟರ್ ಹುಡುಕಲು ಆರಂಭದ ಮಾದರಿಗಳಲ್ಲಿ ಕೆಲವು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಮೂರು ಸೆಕೆಂಡಿನಲ್ಲಿ ನಮ್ಮ 80 ಕಿಲೋಮೀಟರ್ ವೇಗದ ವಿಮಾನ 66 ಮೀಟರ್ ಹೋಗಿರುತ್ತದೆ, ಕೇಳುವವರಿಲ್ಲದೆ. ಕೆಳಗೆ ಬಂದು ನೋಡಿದರೆ ಬ್ಯಾಟರಿ ಚೇತರಿಸಿಕೊಂಡಿದೆ, ಎಲ್ಲ ಸರ್ವೋ ಆಡುತ್ತಿವೆ. "ಸಿಗ್ನಲ್ ಹೋಯ್ತು" ಅನ್ನದೆ ಇನ್ನೇನು ಅನ್ನಬೇಕು? ತಯಾರಕರು ಬೇಗ ಮರುಸಂಪರ್ಕ ಮಾಡುವ ಸಾಫ್ಟ್‌ವೇರ್ ಹಾಕಿದರು, ರೀಬೂಟ್ ಆದದ್ದನ್ನು ಮಿನುಗಿ ತೋರಿಸುವ ದೀಪ ಕೊಟ್ಟರು. ಹವ್ಯಾಸಿಗಳು ಐದು ಸೆಲ್ಲಿಗೆ, ಲಿಥಿಯಂಗೆ, ದಪ್ಪ ವೈರಿಗೆ ಹೋದರು. ಬೀಳುವುದು ಕಡಿಮೆಯಾಯಿತು.

ಇನ್ನೊಂದು ಬೆಲೆಯನ್ನೂ ತೆತ್ತೆವು. ಹರಳಿನ ಕಾಲದಲ್ಲಿ ಒಂದು ಕಂಪನಿಯ ಟ್ರಾನ್ಸ್‌ಮಿಟರ್‌ಗೆ ಇನ್ನೊಂದರ ರಿಸೀವರ್ ಹಲವೊಮ್ಮೆ ಹೊಂದುತ್ತಿತ್ತು. 2.4ರಲ್ಲಿ ಪ್ರತಿ ಕಂಪನಿಗೂ ತನ್ನದೇ ಗುಟ್ಟಿನ ಭಾಷೆ. ಟ್ರಾನ್ಸ್‌ಮಿಟರ್ ಕೊಂಡರೆ ಆ ಮನೆತನದ ರಿಸೀವರ್‌ಗಳಿಗೆ ಜೀವನಪರ್ಯಂತ ಋಣಿ. ಆ ಭಾಷೆಯ ಒಳಗೆ ದೋಷವಿದ್ದರೆ ಹೊರಗಿನವರಿಗೆ ಕಾಣುವುದೂ ಇಲ್ಲ. 2020ರ ಸುಮಾರಿಗೆ ಫ್ರಸ್ಕೈ ತನ್ನ ಜನಪ್ರಿಯ ಪದ್ಧತಿಯಲ್ಲಿ ಅಪರೂಪಕ್ಕೆ ಸರ್ವೋ ತಾನಾಗಿ ಅಲುಗುವ ಸಾಧ್ಯತೆ ಸರಿಪಡಿಸಲು ಹೊಸ ಸಾಫ್ಟ್‌ವೇರ್ ಹೊರಡಿಸಿತು; ಹೊಸದಕ್ಕೂ ಹಳೆಯದಕ್ಕೂ ಹೊಂದಾಣಿಕೆ ಇಲ್ಲದ್ದರಿಂದ ಇದ್ದಬದ್ದ ರಿಸೀವರ್‌ಗಳನ್ನೆಲ್ಲ ಅಪ್‌ಡೇಟ್ ಮಾಡಬೇಕಾಯಿತು. ಹೆಚ್ಚುಕಡಿಮೆ ಇದೇ ಕಾಲದಲ್ಲಿ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಮುಕ್ತ ತಂತ್ರಾಂಶ ಬೆಳೆಯಿತು. ಫ್ರಾನ್ಸಿನ ಸೈಕ್ಲಿಯೋ ಎಂಬ ಸಣ್ಣ ಕಂಪನಿ ರೂಪಿಸಿ, 2012ರಲ್ಲಿ ಸೆಮ್‌ಟೆಕ್ ಕೊಂಡ ಲೋರಾ ತಂತ್ರದ ಚಿಪ್‌ಗಳ ಮೇಲೆ ಅದು ನಿಂತಿದೆ. ಹಲವು ಕಂಪನಿಗಳ ರಿಸೀವರ್ ಒಂದೇ ಭಾಷೆ ಆಡುತ್ತವೆ, ಬೆಲೆ ಕಡಿಮೆ. ಕೋಡ್ ಯಾರು ಬೇಕಾದರೂ ಓದಬಹುದು, ಓದುವವರು ಕೆಲವರೇ ಆದರೂ.

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಮೂವತ್ತು ಕಿಲೋಮೀಟರ್ ಮರೆತುಬಿಡು. ಒಂದೂವರೆ ಮೀಟರ್ ರೆಕ್ಕೆಯ ವಿಮಾನ ಅರ್ಧ ಕಿಲೋಮೀಟರ್ ದಾಟಿದರೆ ಮೂಗು ಯಾವುದು ಬಾಲ ಯಾವುದು ಎಂದು ತಿಳಿಯುವುದಿಲ್ಲ. ಸಿಗ್ನಲಿನ ಗುಣಮಟ್ಟವನ್ನೂ ವಿಮಾನದೊಳಗಿನ ವೋಲ್ಟೇಜನ್ನೂ ಮರಳಿ ಕಳಿಸುವ ಟೆಲಿಮೆಟ್ರಿ ಇರುವುದನ್ನೇ ತಗೋ, ಆಗ ಪಿಸಿಎಂ ಮುಚ್ಚಿಟ್ಟದ್ದು ನಿನಗೆ ಕಾಣುತ್ತದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಿಂದ ಲೈಸೆನ್ಸ್ ಮುಕ್ತ. 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ಇನ್ನೊಂದು ಕಿರಿದಾದ ಪಟ್ಟಿಯೂ ಹಾಗೆಯೇ. ಆದರೆ ಅಮೆರಿಕಕ್ಕೆಂದು ಮಾಡಿದ 915ರ ಸೆಟ್ ತಂದರೆ ಅದು ನಮ್ಮ ಮೊಬೈಲ್ ಜಾಲದ ಆವರ್ತನಗಳೊಳಗೆ ಕಾಲಿಡುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡ. 250 ಗ್ರಾಂ ದಾಟಿದ ಮೇಲೆ 2021ರ ಡ್ರೋನ್ ನಿಯಮಗಳನ್ನೂ ವಾಯುಪ್ರದೇಶದ ನಕ್ಷೆಯನ್ನೂ ತಂಡದ ಒಬ್ಬರಾದರೂ ಕೂತು ಓದಲಿ. ಉಳಿದ ದುಡ್ಡನ್ನು ಬ್ಯಾಟರಿ, ಸ್ವಿಚ್, ಕನೆಕ್ಟರಿಗೆ ಹಾಕು. "ಅಂದ್ರ ರೇಡಿಯೋಕಿಂತ ವೈರಿಗೆ ಜಾಸ್ತಿ ಖರ್ಚು ಮಾಡಬೇಕೇನು ಮಾಮ?" ಅಂದ. ಹೌದಪ್ಪ, ಹೆಚ್ಚುಕಡಿಮೆ ಹಾಗೇ.

ಮೊದಲ ಹಾರಾಟಕ್ಕೆ ಮುಂಚೆ ಫೇಲ್‌ಸೇಫ್ ಪರೀಕ್ಷೆ: ಪ್ರೊಪೆಲ್ಲರ್ ತೆಗೆದು, ಮೋಟಾರ್ ಓಡಿಸಿ, ಟ್ರಾನ್ಸ್‌ಮಿಟರ್ ಆರಿಸಬೇಕು. ಮೋಟಾರ್ ನಿಲ್ಲದಿದ್ದರೆ ಆ ದಿನ ಹಾರಾಟ ಇಲ್ಲ. ಆಮೇಲೆ ರೇಂಜ್ ಪರೀಕ್ಷೆ. ಹಿಂದೆ ಆಂಟೆನಾ ಮಡಚಿಟ್ಟು ನಡೆದು ಹೋಗುತ್ತಿದ್ದರು, ಈಗ ಟ್ರಾನ್ಸ್‌ಮಿಟರಿನಲ್ಲೇ ಶಕ್ತಿ ತಗ್ಗಿಸುವ ಗುಂಡಿ ಇರುತ್ತದೆ. ಪ್ರೊಪೆಲ್ಲರ್ ಮತ್ತೆ ಹಾಕಿ, ಒಬ್ಬರು ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸುತ್ತಿರಬೇಕು. ಇನ್ನೊಬ್ಬರು ಮೂವತ್ತು ಹೆಜ್ಜೆ ದೂರ ಹೋಗಿ ಎರಡೂ ಕೋಲುಗಳನ್ನು ಒಟ್ಟಿಗೆ ಆಡಿಸಬೇಕು. ಮೊದಲು ಮೋಟಾರ್ ನಿಲ್ಲಿಸಿ, ಆಮೇಲೆ ಪೂರ್ತಿ ವೇಗದಲ್ಲಿ ಓಡಿಸಿ, ಎರಡೂ ಸಲ. ಎರಡನೇ ಸಲವನ್ನು ಬಿಟ್ಟುಬಿಡುವವರೇ ಹೆಚ್ಚು, ಬ್ಯಾಟರಿಯ ಬಣ್ಣ ಬಯಲಾಗುವುದು ಅಲ್ಲೇ.